ಯಾವ ಸಬ್ಜೆಕ್ಟ್ ತಗೊಳ್ಳೋದು, ಅದು ಎಷ್ಟು ಕಷ್ಟ ಅಂತ ತಿಳಿಯೋದು ಹೇಗೆ?

"ಈ ಸಬ್ಜೆಕ್ಟ್ ಕಷ್ಟಾನಾ?" ಅಂತ ಹತ್ತು ಜನರನ್ನು ಕೇಳಿದರೆ ಹತ್ತು ಉತ್ತರ ಬರುತ್ತದೆ. ಯಾರೂ ಸುಳ್ಳು ಹೇಳುತ್ತಿರುವುದಿಲ್ಲ. ಒಬ್ಬರಿಗೆ ಕಬ್ಬಿಣದ ಕಡಲೆಯಾದ ಕ್ಯಾಲ್ಕುಲಸ್ ಇನ್ನೊಬ್ಬರಿಗೆ ನೀರು ಕುಡಿದಷ್ಟು ಸಲೀಸು. ಆ ಸಲೀಸಾದವರನ್ನೇ ಕೂರಿಸಿ, ಹಿಂದೆಂದೂ ನೋಡದ ಒಂದು ಕವಿತೆ ಕೊಟ್ಟು, ನಲವತ್ತು ನಿಮಿಷದಲ್ಲಿ ಪ್ರಬಂಧ ಬರೀರಿ ಅಂದರೆ ಪೆನ್ನು ಕಚ್ಚಿಕೊಂಡು ಕೂರುತ್ತಾರೆ. ಆದ್ದರಿಂದ ಶಾಲೆಯ ಕೊನೆಯ ವರ್ಷಗಳಿಗೆ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್), ಎ ಲೆವೆಲ್ ಅಥವಾ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೊರಿಯೆಟ್) ಹೈಯರ್ ಲೆವೆಲ್ ವಿಷಯ ಆರಿಸುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಸ್ವಲ್ಪ ಬೇರೆ: ಈ ವಿಷಯದಲ್ಲಿ ದಿನಾ ಮಾಡಬೇಕಾದ ಕೆಲಸ ಯಾವ ಥರದ್ದು, ಆ ಕೆಲಸವನ್ನು ನಾನು ಬೇಸರವಿಲ್ಲದೆ ಒಂದೆರಡು ವರ್ಷ ಮಾಡುತ್ತೇನಾ?

ಇದಕ್ಕೆ ಉತ್ತರ ಹುಡುಕೋದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ಊಹೆ ಬೇಡ, ಹೆದರಿಕೆಯೂ ಬೇಡ. ಒಂದು ಭಾನುವಾರ ಪೂರ್ತಿ ಬಿಡುವು ಮಾಡಿಕೊಂಡರೆ ಮುಕ್ಕಾಲು ಪಾಲು ಗೊತ್ತಾಗುತ್ತದೆ.

ಮೊದಲು ಮೂರೂ ಪದ್ಧತಿ ಬಗ್ಗೆ ಚುಟುಕಾಗಿ. ಎಪಿ ಅಮೆರಿಕದ ಕಾಲೇಜ್ ಬೋರ್ಡ್ ನಡೆಸುವುದು, ಸಾಮಾನ್ಯವಾಗಿ ಒಂದು ವರ್ಷದ ಕೋರ್ಸ್, ಮೇ ತಿಂಗಳಲ್ಲಿ ಪರೀಕ್ಷೆ, 1ರಿಂದ 5ರವರೆಗೆ ಸ್ಕೋರ್. ಎಷ್ಟು ವಿಷಯ ತಗೊಳ್ಳಬೇಕು ಅನ್ನೋ ನಿಯಮ ಇಲ್ಲ, ಅದೇ ಅದರ ಅನುಕೂಲ, ಅದೇ ಅಪಾಯ. ಎ ಲೆವೆಲ್ ಇಂಗ್ಲೆಂಡಿನದು, ಎರಡು ವರ್ಷ, ಹೆಚ್ಚಿನವರು ಮೂರೇ ವಿಷಯ ಓದುತ್ತಾರೆ, ಆದರೆ ಆಳವಾಗಿ. ಐಬಿ ಡಿಪ್ಲೊಮಾದಲ್ಲಿ ಆರು ವಿಷಯ. ಅದರಲ್ಲಿ ಸಾಮಾನ್ಯವಾಗಿ ಮೂರು ಹೈಯರ್ ಲೆವೆಲ್, ಮೂರು ಸ್ಟ್ಯಾಂಡರ್ಡ್ ಲೆವೆಲ್. ಇವುಗಳ ಮೇಲೆ 4000 ಪದಗಳ ಮಿತಿಯ ಒಂದು ದೊಡ್ಡ ಪ್ರಬಂಧ, ಜ್ಞಾನದ ಬಗ್ಗೆಯೇ ಒಂದು ಕೋರ್ಸ್, ತರಗತಿ ಹೊರಗಿನ ಚಟುವಟಿಕೆ ಬೇರೆ. ನಿಮ್ಮ ಶಾಲೆಯಲ್ಲಿ ಯಾವುದಿದ್ದರೂ ಮುಂದೆ ಹೇಳೋ ವಿಧಾನ ಒಂದೇ.

ಹಿಂದಿನಿಂದ ಶುರು ಮಾಡಿ

ಮುಂದೆ ಏನು ಓದಬೇಕು ಅಂತ ಅಲ್ಪಸ್ವಲ್ಪ ಅಂದಾಜಿದ್ದರೂ ಸಾಕು, ಮೊದಲು ಆ ಡಿಗ್ರಿಗೆ ಏನು ಕಡ್ಡಾಯ ಅಂತ ನೋಡಿ. ಇದನ್ನು ಬಿಟ್ಟು ಸುಲಭ ಯಾವುದು, ಕಷ್ಟ ಯಾವುದು ಅಂತ ತಲೆ ಕೆಡಿಸಿಕೊಂಡರೆ ಸುಮ್ನೆ ಸಮಯ ಹಾಳು. ಕೇಂಬ್ರಿಜ್‌ನಲ್ಲಿ ಗಣಿತ ಓದಬೇಕಾದರೆ ಎ ಲೆವೆಲ್‌ನಲ್ಲಿ ಗಣಿತದ ಜೊತೆ ಫರ್ದರ್ ಮ್ಯಾಥ್ಸ್ (ಗಣಿತದ ಮುಂದುವರಿದ ಭಾಗ, ಅದೇ ಒಂದು ಪ್ರತ್ಯೇಕ ವಿಷಯ) ಬೇಕೇ ಬೇಕು, ಅಲ್ಲೇ ಎಂಜಿನಿಯರಿಂಗಿಗೆ ಗಣಿತ ಮತ್ತು ಫಿಸಿಕ್ಸ್. ಬ್ರಿಟನ್ನಿನ ಬಹುತೇಕ ಮೆಡಿಕಲ್ ಕೋರ್ಸುಗಳು ಕೆಮಿಸ್ಟ್ರಿ ಕೇಳುತ್ತವೆ. ಬಯಾಲಜಿ ಮೇಲೆ ಎಷ್ಟೇ ಪ್ರೀತಿ ಇದ್ದರೂ ಕೆಮಿಸ್ಟ್ರಿ ಬಿಟ್ಟರೆ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದ ಹಾಗೆಯೇ.

ಐಬಿಯಲ್ಲಿ ಎಡವೋದು ಗಣಿತದಲ್ಲಿ. 2019ರಿಂದ ಅಲ್ಲಿ ಎರಡು ಗಣಿತ ಕೋರ್ಸುಗಳಿವೆ. ಒಂದು ಎಎ (ಅನಾಲಿಸಿಸ್ ಅಂಡ್ ಅಪ್ರೋಚಸ್), ಇದರಲ್ಲಿ ಬೀಜಗಣಿತ, ಕ್ಯಾಲ್ಕುಲಸ್, ಪ್ರಮೇಯಗಳ ಸಾಧನೆ (ಪ್ರೂಫ್) ಜಾಸ್ತಿ. ಇನ್ನೊಂದು ಎಐ (ಅಪ್ಲಿಕೇಶನ್ಸ್ ಅಂಡ್ ಇಂಟರ್‌ಪ್ರಿಟೇಶನ್), ಇದರಲ್ಲಿ ಅಂಕಿಅಂಶ, ಮಾಡೆಲಿಂಗ್, ಕ್ಯಾಲ್ಕುಲೇಟರ್ ಬಳಕೆ ಜಾಸ್ತಿ. ಎರಡಕ್ಕೂ ಹೈಯರ್ ಲೆವೆಲ್ ಇದೆ. ಹೆಸರು ಒಂದೇ ಥರ ಕೇಳಿಸುತ್ತದೆ ಅಂತ ಯಾವುದೋ ಒಂದನ್ನು ತಗೊಂಡುಬಿಡಬೇಡಿ, ಏಕೆಂದರೆ ಹಲವು ವಿಶ್ವವಿದ್ಯಾಲಯಗಳು ಗಣಿತ ಮತ್ತು ಎಂಜಿನಿಯರಿಂಗಿಗೆ ಎಎ ಹೈಯರ್ ಲೆವೆಲ್ಲೇ ಬೇಕು ಅನ್ನುತ್ತವೆ. ಎಪಿಯಲ್ಲೂ ಹೀಗೇ. ಅಲ್ಲಿ ಕ್ಯಾಲ್ಕುಲಸ್‌ಗೆ ಎರಡು ಕೋರ್ಸ್, ಎ.ಬಿ. ಮತ್ತು ಅದಕ್ಕಿಂತ ಹೆಚ್ಚು ಪಾಠವಿರುವ ಬಿ.ಸಿ. ಎಂಐಟಿ ಬಿ.ಸಿ.ಯಲ್ಲಿ 5 ಬಂದವರಿಗೆ ಮೊದಲ ಕ್ಯಾಲ್ಕುಲಸ್ ಕೋರ್ಸಿನ ಕ್ರೆಡಿಟ್ (ಆ ಕೋರ್ಸ್ ಮುಗಿಸಿದ ಹಾಗೆ ಲೆಕ್ಕ) ಕೊಡುತ್ತದೆ, ಎ.ಬಿ.ಗೆ ಕೊಡುವುದಿಲ್ಲ. ಕ್ಯಾಲ್‌ಟೆಕ್ ಯಾವ ಎಪಿಗೂ ಕ್ರೆಡಿಟ್ ಕೊಡುವುದಿಲ್ಲ. ಹಾಗಾಗಿ "ಎಪಿ ತಗೊಂಡರೆ ಕಾಲೇಜಿನಲ್ಲಿ ಒಂದು ವರ್ಷ ಉಳಿಯುತ್ತೆ" ಅನ್ನೋ ಮಾತನ್ನು ನೀವು ಹೋಗಬೇಕೆಂದಿರುವ ಕಾಲೇಜಿನ ಪುಟದಲ್ಲೇ ನೋಡಿ ಖಚಿತ ಮಾಡಿಕೊಳ್ಳಿ. ಈ ನಿಯಮಗಳು ವರ್ಷ ವರ್ಷ ಬದಲಾಗುತ್ತವೆ, ಸೀನಿಯರ್ ಹೇಳಿದ್ದು ಅವರ ವರ್ಷಕ್ಕೆ ಸರಿ ಇದ್ದಿರಬಹುದು ಅಷ್ಟೇ.

ಮುಂದೇನು ಅಂತ ಏನೇನೂ ಗೊತ್ತಿಲ್ಲದವರು? ಗಾಬರಿ ಬೇಡ. ಹದಿನೈದು ಹದಿನಾರು ವಯಸ್ಸಿಗೆ ಗೊತ್ತಿಲ್ಲದಿರೋದು ಸಹಜ. ಅಂಥವರು ಗಣಿತ ಅಥವಾ ಒಂದು ವಿಜ್ಞಾನ, ಜೊತೆಗೆ ಚೆನ್ನಾಗಿ ಬರೆಯೋದನ್ನು ಕಲಿಸುವ ಒಂದು ವಿಷಯ, ಆಮೇಲೆ ಮನಸ್ಸಿಗೆ ಬಂದದ್ದು ಒಂದು, ಹೀಗೆ ಇಟ್ಟುಕೊಂಡರೆ ಹೆಚ್ಚು ದಾರಿಗಳು ತೆರೆದಿರುತ್ತವೆ. ಬ್ರಿಟನ್ನಿನ ರಸೆಲ್ ಗ್ರೂಪ್ (ಸಂಶೋಧನೆಗೆ ಹೆಸರಾದವುಗಳ ಒಕ್ಕೂಟ) ವಿಶ್ವವಿದ್ಯಾಲಯಗಳು ಮೊದಲು "ಈ ವಿಷಯಗಳು ಹೆಚ್ಚು ಕೋರ್ಸುಗಳಿಗೆ ದಾರಿ" ಅಂತ ಒಂದು ಪಟ್ಟಿ ಇಟ್ಟುಕೊಂಡಿದ್ದವು. 2019ರಲ್ಲಿ ಅದನ್ನು ಕೈಬಿಟ್ಟವು. ಪಟ್ಟಿಯಲ್ಲಿ ಇಲ್ಲದ ವಿಷಯಗಳೆಲ್ಲ ಕಳಪೆ ಅಂತ ಜನ ಅಂದುಕೊಳ್ಳುತ್ತಿದ್ದರು. ಈಗಲೂ ಕೆಲವರು ಆ ಹಳೇ ಪಟ್ಟಿಯನ್ನೇ ಹಿಡಿದುಕೊಂಡು ಸಲಹೆ ಕೊಡುತ್ತಾರೆ, ನೋಡಿಕೊಳ್ಳಿ.

ಕಷ್ಟದಲ್ಲೂ ಬೇರೆ ಬೇರೆ ಥರ

ಗಣಿತ, ಫಿಸಿಕ್ಸ್ ಥರದ ವಿಷಯಗಳು ಮೆಟ್ಟಿಲು ಇದ್ದ ಹಾಗೆ. ಮೂರನೇ ಮೆಟ್ಟಿಲು ಸಡಿಲ ಇದ್ದರೆ ಹತ್ತನೆಯದರಲ್ಲಿ ಕಾಲು ಜಾರುತ್ತದೆ. ಇಲ್ಲಿ ಓದೋ ಪುಟಗಳು ಕಡಿಮೆ, ಆದರೆ ಒಂದು ವಾರ ತಪ್ಪಿಸಿಕೊಂಡರೆ ಮುಂದಿನ ತಿಂಗಳು ಪೂರ್ತಿ ಅರ್ಥವಾಗದೆ ಒದ್ದಾಡಬೇಕು. ಬಯಾಲಜಿ ಹಾಗಲ್ಲ. ಒಂದು ಅಧ್ಯಾಯ ಅರೆಬರೆ ಆದರೂ ಇನ್ನೊಂದು ಓದಬಹುದು, ಆದರೆ ನೆನಪಿಡಬೇಕಾದದ್ದು ಮುಗಿಯುವುದೇ ಇಲ್ಲ. ಕೆಮಿಸ್ಟ್ರಿ ಎರಡರ ಮಧ್ಯೆ ಬರುತ್ತದೆ. ಲೆಕ್ಕವೂ ಬೇಕು, ನೆನಪೂ ಬೇಕು, ಅದಕ್ಕೇ ಅನೇಕರಿಗೆ ಇದೇ ಹೆಚ್ಚು ಸುಸ್ತು ಮಾಡಿಸುತ್ತದೆ.

ಇತಿಹಾಸ ಅಂದರೆ ಇಸವಿ ಉರು ಹೊಡೆಯೋದು ಅಂತ ಎಷ್ಟೋ ಜನ ಅಂದುಕೊಂಡೇ ತಗೊಳ್ಳುತ್ತಾರೆ. ಎಪಿ ಇತಿಹಾಸದ ಪರೀಕ್ಷೆಯಲ್ಲಿ ಒಂದು ಪ್ರಶ್ನೆಗೆ ಏಳು ದಾಖಲೆ ಕೊಡುತ್ತಾರೆ. ಪತ್ರ, ಭಾಷಣ, ಚಿತ್ರ, ನಕ್ಷೆ ಹೀಗೆ. ಓದಲು ಕೊಟ್ಟ ಹದಿನೈದು ನಿಮಿಷವೂ ಸೇರಿ ಒಂದು ಗಂಟೆಯಲ್ಲಿ ಅವುಗಳನ್ನು ಓದಿ, ಯಾರು ಯಾಕೆ ಹೀಗೆ ಬರೆದರು ಅಂತ ಯೋಚಿಸಿ, ಒಂದು ವಾದ ಕಟ್ಟಿ ಬರೆಯಬೇಕು. ಇಸವಿ ಗೊತ್ತಿದ್ದರೆ ಅನುಕೂಲ, ಆದರೆ ಬರೀ ಇಸವಿಯಿಂದ ಅಂಕ ಬರುವುದಿಲ್ಲ. ಎಪಿ ಇಂಗ್ಲಿಷ್ ಸಾಹಿತ್ಯದಲ್ಲಿ ಎರಡು ಗಂಟೆಗೆ ಮೂರು ಪ್ರಬಂಧ. ಬರೆಯೋ ಕೈಗೆ ಅಭ್ಯಾಸ ಇಲ್ಲದವರಿಗೆ ಇದು ಗಣಿತಕ್ಕಿಂತ ಭಾರ.

ಇನ್ನೊಂದು ಥರದ ಕಷ್ಟವನ್ನು ಯಾರೂ ಮೊದಲೇ ಹೇಳುವುದಿಲ್ಲ. ಅದು ವರ್ಷಪೂರ್ತಿ ನಡೆಯೋ ಕೆಲಸ. ಎ ಲೆವೆಲ್ ಆರ್ಟ್‌ನಲ್ಲಿ ಶೇ. 60 ಅಂಕ ನೀವು ತಿಂಗಳುಗಟ್ಟಲೆ ಮಾಡಿದ ಕೆಲಸಕ್ಕೇ. ಐಬಿಯಲ್ಲಿ ಹೆಚ್ಚುಕಡಿಮೆ ಎಲ್ಲ ವಿಷಯಕ್ಕೂ ಒಂದೊಂದು ಆಂತರಿಕ ಪ್ರಾಜೆಕ್ಟ್ ಇರುತ್ತದೆ. ಪರೀಕ್ಷೆ ಅಂದರೆ ಕೈ ನಡುಗುವವರಿಗೆ ಇವು ವರ. ಕೊನೇ ಗಳಿಗೆಯಲ್ಲಿ ಕೂತು ಓದಿ ಪಾಸಾಗೋ ಅಭ್ಯಾಸದವರಿಗೆ ಇವೇ ಕಂಟಕ, ಏಕೆಂದರೆ ಸ್ಕೆಚ್‌ಬುಕ್ಕನ್ನು ಒಂದೇ ರಾತ್ರಿಯಲ್ಲಿ ತುಂಬಲು ಆಗುವುದಿಲ್ಲ. "ಆರ್ಟ್ ಸುಲಭ, ಒಂದು ಇರಲಿ ಬಿಡು" ಅಂತ ಸೇರಿಸಿಕೊಳ್ಳುವವರು ವಾರಕ್ಕೆ ಅದು ಎಷ್ಟು ಗಂಟೆ ತಿನ್ನುತ್ತದೆ ಅಂತ ಆ ತರಗತಿಯವರನ್ನೇ ಒಮ್ಮೆ ಕೇಳಿ.

ಈಗ ನೀವು ಈವರೆಗೆ ಓದಿದ ವಿಷಯಗಳನ್ನು ನೆನಪಿಸಿಕೊಳ್ಳಿ. ಮಾರ್ಕ್ಸ್ ಪಕ್ಕಕ್ಕಿಡಿ. ಯಾರೂ ಹೇಳದೆಯೇ ಯಾವ ಹೋಮ್‌ವರ್ಕ್ ಮೊದಲು ಮುಗಿಸುತ್ತಿದ್ದಿರಿ? ಯಾವುದನ್ನು ರಾತ್ರಿ ಹತ್ತರ ತನಕ ಮುಂದೂಡುತ್ತಿದ್ದಿರಿ? ಈ ಎರಡು ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಬರೆದುಕೊಂಡರೆ ಮಾರ್ಕ್ಸ್ ಕಾರ್ಡ್ ಹೇಳದ್ದು ಗೊತ್ತಾಗುತ್ತದೆ.

ಪಾಸಾದವರ ಲೆಕ್ಕ ನೋಡಿ ಮೋಸ ಹೋಗಬೇಡಿ

ಕಷ್ಟ ಅಳೆಯಲು ಎಲ್ಲರೂ ಮೊದಲು ಹುಡುಕೋದು ಫಲಿತಾಂಶದ ಅಂಕಿಗಳನ್ನು. ನೋಡಬೇಕು, ಆದರೆ ಹೇಗೆ ಓದಬೇಕು ಅಂತ ಗೊತ್ತಿರಬೇಕು. 2023ರಲ್ಲಿ ಎಪಿ ಕ್ಯಾಲ್ಕುಲಸ್ ಎ.ಬಿ. ಬರೆದವರಲ್ಲಿ ಸುಮಾರು ಶೇ. 22 ಜನಕ್ಕೆ 5 ಬಂತು. ಬಿ.ಸಿ. ಬರೆದವರಲ್ಲಿ ಸುಮಾರು ಶೇ. 43 ಜನಕ್ಕೆ. ಅಂದರೆ ಬಿ.ಸಿ. ಎರಡು ಪಟ್ಟು ಸುಲಭಾನಾ? ಖಂಡಿತ ಇಲ್ಲ. ಬಿ.ಸಿ.ಯಲ್ಲಿ ಎ.ಬಿ.ಯ ಪಾಠವೆಲ್ಲ ಇದೆ, ಅದರ ಮೇಲೆ ಅನಂತ ಶ್ರೇಣಿ, ಪೋಲಾರ್ ನಿರ್ದೇಶಾಂಕ ಇತ್ಯಾದಿ ಇನ್ನೂ ಇವೆ. ಗಣಿತದಲ್ಲಿ ಗಟ್ಟಿ ಇರುವವರೇ ಬಿ.ಸಿ. ಕಡೆ ಹೋಗುವುದರಿಂದ ಅಂಕಿ ಹಾಗೆ ಕಾಣುತ್ತದೆ. ಎ ಲೆವೆಲ್‌ನಲ್ಲೂ ಇದೇ ಕಥೆ. ಫರ್ದರ್ ಮ್ಯಾಥ್ಸ್ ಬರೆದವರಲ್ಲಿ ನಾಲ್ವರಲ್ಲಿ ಒಬ್ಬರ ಆಸುಪಾಸು ಎ ಸ್ಟಾರ್ (ಎಲ್ಲಕ್ಕಿಂತ ಮೇಲಿನ ಗ್ರೇಡ್) ತೆಗೆಯುತ್ತಾರೆ, ಅದೇ ಎಲ್ಲ ವಿಷಯ ಸೇರಿಸಿ ನೋಡಿದರೆ 2023ರಲ್ಲಿ ಹತ್ತರಲ್ಲಿ ಒಬ್ಬರಿಗೂ ಸಿಕ್ಕಿರಲಿಲ್ಲ.

ಇದರ ಉಲ್ಟಾ ಉದಾಹರಣೆ ಎಪಿ ಪರಿಸರ ವಿಜ್ಞಾನ. ಎಲ್ಲರೂ ಸುಲಭ ಅನ್ನುತ್ತಾರೆ. ಅದೇ 2023ರಲ್ಲಿ 5 ಸಿಕ್ಕಿದ್ದು ಶೇ. 10ಕ್ಕಿಂತ ಕಡಿಮೆ ಜನಕ್ಕೆ. ಸುಲಭ ಅಂತ ಬಂದವರು ಓದುವುದು ಕಡಿಮೆ, ಅದೂ ಒಂದು ಕಾರಣ. ಹ್ಯೂಮನ್ ಜಿಯಾಗ್ರಫಿಯನ್ನು ಅನೇಕರು ಒಂಬತ್ತನೇ ತರಗತಿಯಲ್ಲೇ, ತಮ್ಮ ಮೊದಲ ಎಪಿಯಾಗಿ ಬರೆಯುತ್ತಾರೆ, ಆದ್ದರಿಂದ ಅದರ ಫಲಿತಾಂಶವನ್ನು ಹನ್ನೆರಡನೇ ತರಗತಿಯವರು ಬರೆಯೋ ವಿಷಯದ ಪಕ್ಕ ಇಟ್ಟು ನೋಡೋದು ಸರಿಯಲ್ಲ. ಎಪಿ ಚೈನೀಸ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ 5 ಬರುತ್ತದೆ, ಏಕೆಂದರೆ ಬರೆಯುವವರಲ್ಲಿ ಮನೆಯಲ್ಲೇ ಆ ಭಾಷೆ ಮಾತಾಡುವವರು ಬಹಳ. ಹಾಗಾಗಿ ಕಾಲೇಜ್ ಬೋರ್ಡೇ ಭಾಷೆಗಳ ಫಲಿತಾಂಶದಲ್ಲಿ ಶಾಲೆಯಲ್ಲಷ್ಟೇ ಕಲಿತವರ ಅಂಕಿಯನ್ನು ಬೇರೆಯಾಗಿ ಕೊಡುತ್ತದೆ. ಭಾಷೆ ತಗೊಳ್ಳುವವರು ಆ ಅಂಕಿಯನ್ನೇ ನೋಡಬೇಕು.

ಎಪಿ ಫಿಸಿಕ್ಸ್ 1 ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು, ಅಷ್ಟು ಜನ ಇದರಲ್ಲಿ ಬೀಳುತ್ತಾರೆ. ಹೆಸರಲ್ಲಿ 1 ಇದೆ, ಕ್ಯಾಲ್ಕುಲಸ್ ಇಲ್ಲ, ಹಾಗಾಗಿ ಹಗುರ ಅನ್ನಿಸುತ್ತದೆ. ಆದರೆ ಅನೇಕ ವರ್ಷ ಇದರಲ್ಲಿ 3 ಅಥವಾ ಅದಕ್ಕಿಂತ ಮೇಲೆ ಬಂದವರು ಅರ್ಧಕ್ಕಿಂತ ಕಡಿಮೆ. ಕ್ಯಾಲ್ಕುಲಸ್ ಇರುವ ಫಿಸಿಕ್ಸ್ ಸಿ ಮೆಕ್ಯಾನಿಕ್ಸ್‌ನಲ್ಲಿ ಅದು ಮುಕ್ಕಾಲು ಭಾಗದ ಹತ್ತಿರ. ಸಿ ಬರೆಯುವವರು ಆಗಲೇ ಒಂದು ಸಲ ಫಿಸಿಕ್ಸ್ ಓದಿ ಬಂದವರು, ಅದು ಒಂದು ಕಾರಣ. ಫಿಸಿಕ್ಸ್ 1ರ ಪ್ರಶ್ನೆಗಳು ಸೂತ್ರಕ್ಕಿಂತ ವಿವರಣೆ ಕೇಳುತ್ತವೆ, ಅದು ಇನ್ನೊಂದು. 2024–25ರಿಂದ ಇದರ ಪಾಠ ಮತ್ತು ಪೇಪರ್ ಎರಡೂ ಬದಲಾಗಿವೆ, ಹೊಸ ಅಂಕಿಗಳನ್ನು ಹಳೆಯದರ ಜೊತೆ ಹೋಲಿಸಬೇಡಿ.

ಹಾಗಾದರೆ ಸರಿಯಾಗಿ ಅಳೆಯೋ ದಾರಿಯೇ ಇಲ್ವಾ? ಇದೆ. ಒಬ್ಬರೇ ವಿದ್ಯಾರ್ಥಿಗೆ ಬೇರೆ ಬೇರೆ ವಿಷಯದಲ್ಲಿ ಏನೇನು ಗ್ರೇಡ್ ಬಂತು ಅಂತ ಹೋಲಿಸಿದರೆ ವಿಷಯದ ಕಷ್ಟ ಸ್ವಲ್ಪ ಬಯಲಾಗುತ್ತದೆ. ಡರಮ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಎ ಲೆವೆಲ್ ವಿಷಯಗಳನ್ನು ಹೀಗೆ ಹೋಲಿಸಿದಾಗ, ಗಣಿತ ಮತ್ತು ವಿಜ್ಞಾನಗಳಲ್ಲಿ ಅದೇ ಗ್ರೇಡ್ ಗಿಟ್ಟಿಸೋದು ಬೇರೆ ಹಲವು ವಿಷಯಗಳಿಗಿಂತ ಕಷ್ಟ ಅಂತ ಕಂಡುಬಂತು. ಈ ವ್ಯತ್ಯಾಸ ಸರಿಪಡಿಸಬೇಕಾ ಅಂತ ಇಂಗ್ಲೆಂಡಿನ ಪರೀಕ್ಷಾ ನಿಯಂತ್ರಕ ಆಫ್‌ಕ್ವಾಲ್ ವರ್ಷಗಟ್ಟಲೆ ಯೋಚಿಸಿ, 2018ರಲ್ಲಿ ಎ ಲೆವೆಲ್ ವಿಜ್ಞಾನ ಮತ್ತು ಫ್ರೆಂಚ್, ಜರ್ಮನ್, ಸ್ಪ್ಯಾನಿಷ್‌ನ ಗ್ರೇಡಿಂಗ್ ಬದಲಿಸುವುದಿಲ್ಲ ಅಂತ ತೀರ್ಮಾನಿಸಿತು. ಅಂದರೆ ಮೂರೂ ವಿಜ್ಞಾನ ತಗೊಂಡವರಿಗೆ ಗ್ರೇಡಿನಲ್ಲಿ ಯಾವ ರಿಯಾಯಿತಿಯೂ ಸಿಗುವುದಿಲ್ಲ. ಮುಂದಿನ ಕೋರ್ಸಿಗೆ ಬೇಕಾದರೆ ತಗೊಳ್ಳಿ. ಬರೀ ತೂಕ ಕಾಣಲಿ ಅಂತ ಮೂರನೆಯ ವಿಜ್ಞಾನ ಸೇರಿಸೋದು ನನ್ನ ಪ್ರಕಾರ ನಷ್ಟದ ಬಾಬತ್ತು.

ಇನ್ನೊಂದು ಅಂಕಿ ಇದೆ, ಅದನ್ನು ನೋಡಿದರೆ ಹೆದರಿಕೆ ಎಷ್ಟೋ ಕಡಿಮೆಯಾಗುತ್ತದೆ. ಯಾವ ಗ್ರೇಡಿಗೆ ಎಷ್ಟು ಮಾರ್ಕ್ಸ್ ಬೇಕು ಅಂತ ಎ ಲೆವೆಲ್ ಬೋರ್ಡುಗಳು ಪ್ರತಿ ವರ್ಷ ಪ್ರಕಟಿಸುತ್ತವೆ. 2019ರಲ್ಲಿ ಎಡೆಕ್ಸೆಲ್ ಬೋರ್ಡಿನ ಗಣಿತದಲ್ಲಿ ಎ ಗ್ರೇಡಿಗೆ ಬೇಕಾಗಿದ್ದು 300ಕ್ಕೆ 165. ಶೇ. 55! ಹಿಂದಿನ ತರಗತಿಗಳಲ್ಲಿ ತೊಂಬತ್ತೈದಕ್ಕಿಂತ ಕೆಳಗೆ ಇಳಿಯದ ಮಕ್ಕಳು ಇಲ್ಲಿ ಮೊದಲ ಟೆಸ್ಟಿನಲ್ಲಿ ಅರವತ್ತು ಬಂದ ಕೂಡಲೇ "ಇದು ನನ್ನ ಕೈಲಿ ಆಗಲ್ಲ" ಅಂತ ಕೂರುತ್ತಾರೆ. ಆ ಅರವತ್ತು ಒಳ್ಳೆಯ ಗ್ರೇಡೇ ಆಗಿರಬಹುದು. ಪೇಪರ್ ಕಷ್ಟ ಇದ್ದರೆ ಗಡಿ ಕೆಳಗಿಳಿಯುತ್ತದೆ, ಸುಲಭ ಇದ್ದರೆ ಮೇಲೇರುತ್ತದೆ.

ಒಂದು ಭಾನುವಾರ, ಒಂದು ಹಳೇ ಪೇಪರ್

ಈಗ ನಿಜವಾದ ಪರೀಕ್ಷೆ. ಯೋಚನೆಯಲ್ಲಿರೋ ಪ್ರತಿ ವಿಷಯಕ್ಕೂ ಎರಡು ಗಂಟೆ ತೆಗೆದಿಡಿ. ಆ ಕೋರ್ಸಿನ ಪಠ್ಯಪುಸ್ತಕ ಸೀನಿಯರ್ ಹತ್ತಿರವೋ ಲೈಬ್ರರಿಯಲ್ಲೋ ಸಿಗುತ್ತದೆ. ಮೊದಲ ಅಧ್ಯಾಯ ಬೇಡ, ಅದು ಸಾಮಾನ್ಯವಾಗಿ ಹಳೇ ಪಾಠದ ಮೆಲುಕು. ಎರಡನೆಯದೋ ಮೂರನೆಯದೋ ತೆಗೆದು, ಫೋನ್ ಬೇರೆ ಕೋಣೆಯಲ್ಲಿಟ್ಟು, ಮುಕ್ಕಾಲು ಗಂಟೆ ಓದಿ. ಆಮೇಲೆ ಅಧ್ಯಾಯದ ಕೊನೆಯ ಪ್ರಶ್ನೆಗಳಲ್ಲಿ ನಾಲ್ಕೈದು ಮಾಡಿ. ಸರಿಯೋ ತಪ್ಪೋ ಅನ್ನೋದು ಇಲ್ಲಿ ಅಷ್ಟು ಮುಖ್ಯ ಅಲ್ಲ. ಎಲ್ಲಿ ಸಿಕ್ಕಿಹಾಕಿಕೊಂಡಿರಿ, ಸಿಕ್ಕಿಕೊಂಡಾಗ ಇನ್ನೊಂದು ದಾರಿ ನೋಡೋಣ ಅನ್ನಿಸಿತಾ ಅಥವಾ ಪುಸ್ತಕ ಮುಚ್ಚೋಣ ಅನ್ನಿಸಿತಾ, ಅದನ್ನು ಪಕ್ಕದಲ್ಲಿ ಒಂದು ಸಾಲು ಬರೆದಿಡಿ.

ಕೊನೆಯ ಅರ್ಧ ಗಂಟೆ ಹಳೇ ಪ್ರಶ್ನೆಪತ್ರಿಕೆಗೆ. ಪಾಠವೇ ಆಗದ ಪೇಪರ್ ಬಿಡಿಸಲು ಹೋಗಬೇಡಿ, ಎಲ್ಲ ಪೇಪರೂ ಅಸಾಧ್ಯ ಅನ್ನಿಸುತ್ತದೆ. ಬದಲಿಗೆ ಒಂದು ದೊಡ್ಡ ಪ್ರಶ್ನೆ, ಅದರ ಮಾರ್ಕಿಂಗ್ ಸ್ಕೀಮ್, ಆಮೇಲೆ ಪರೀಕ್ಷಕರ ವರದಿ, ಮೂರನ್ನೂ ಪಕ್ಕ ಪಕ್ಕ ಇಟ್ಟು ಓದಿ. ಎಪಿ, ಎ ಲೆವೆಲ್ ಎರಡರಲ್ಲೂ ಇವು ಉಚಿತವಾಗಿ ಸಿಗುತ್ತವೆ, ಐಬಿಯಾದರೆ ಶಾಲೆಯಲ್ಲಿ ಕೇಳಿ ಪಡೆಯಬೇಕು. ಪರೀಕ್ಷಕರ ವರದಿ ಅಂದರೆ ಆ ವರ್ಷ ವಿದ್ಯಾರ್ಥಿಗಳು ಎಲ್ಲಿ ಎಡವಿದರು ಅಂತ ಉತ್ತರಪತ್ರಿಕೆ ತಿದ್ದಿದವರೇ ಬರೆದದ್ದು. ಒಂದು ವಿಷಯದ ಕಷ್ಟ ಎಲ್ಲಿದೆ ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ದಾಖಲೆ ಇನ್ನೊಂದಿಲ್ಲ, ಆದರೆ ವಿಷಯ ಆರಿಸುವವರು ಇದನ್ನು ತೆರೆದು ನೋಡೋದೇ ಅಪರೂಪ.

ಏನನ್ನು ಗಮನಿಸಬೇಕು ಅಂತ ಒಂದು ಪ್ರಶ್ನೆ ಇಟ್ಟುಕೊಂಡು ತೋರಿಸುತ್ತೇನೆ. ಫಿಸಿಕ್ಸ್‌ನಲ್ಲಿ ಇಂಥದ್ದು ಬರುತ್ತದೆ: ಒಂದೇ ತೂಕದ, ಒಂದೇ ಅಗಲದ ಒಂದು ಬಳೆ ಮತ್ತು ಒಂದು ಗಟ್ಟಿ ಬಿಲ್ಲೆಯನ್ನು ಇಳಿಜಾರಿನ ಮೇಲಿನಿಂದ ಒಟ್ಟಿಗೆ ಉರುಳಿಬಿಟ್ಟರೆ, ಎರಡೂ ಜಾರದೆ ಉರುಳಿದರೆ, ಯಾವುದು ಮೊದಲು ಕೆಳಗೆ ತಲುಪುತ್ತದೆ? ಲೆಕ್ಕ ಮಾಡದೆ ವಿವರಿಸಿ. ಥಟ್ಟನೆ ಬರುವ ಉತ್ತರ "ತೂಕ ಒಂದೇ, ಆದ್ದರಿಂದ ಒಟ್ಟಿಗೆ". ತಪ್ಪು. ಎರಡಕ್ಕೂ ಮೇಲೆ ಸಿಕ್ಕ ಶಕ್ತಿ ಒಂದೇ. ಆದರೆ ಬಳೆಯ ತೂಕವೆಲ್ಲ ಅಂಚಿನಲ್ಲಿದೆ, ಅದನ್ನು ತಿರುಗಿಸಲು ಹೆಚ್ಚು ಶಕ್ತಿ ಖರ್ಚಾಗುತ್ತದೆ, ಮುಂದೆ ಓಡಲು ಉಳಿಯೋದು ಕಡಿಮೆ. ಬಿಲ್ಲೆಯ ತೂಕ ನಡುವಿನವರೆಗೂ ಹರಡಿದೆ, ತಿರುಗಲು ಕಡಿಮೆ ಸಾಕು, ಹಾಗಾಗಿ ಬಿಲ್ಲೆಯೇ ಮೊದಲು. ಜಡತ್ವದ ಸೂತ್ರ ಎರಡೂ ಬಾಯಿಪಾಠ ಬಂದು ಅದನ್ನಷ್ಟೇ ಬರೆದಿಟ್ಟವರಿಗೆ ಪೂರ್ತಿ ಅಂಕ ಸಿಗುವುದಿಲ್ಲ. ಸೂತ್ರದಿಂದ ಉತ್ತರದವರೆಗಿನ ಆ "ಹಾಗಾಗಿ"ಗಳಿಗೇ ಅಂಕ.

ಈ ವಿವರಣೆ ಓದಿದಾಗ ನಿಮಗೆ "ಓ ಹೌದಲ್ಲ, ಹಾಗಾದರೆ ಬಳೆ ದೊಡ್ಡದು ಮಾಡಿದರೆ?" ಅಂತ ಇನ್ನೊಂದು ಪ್ರಶ್ನೆ ಹುಟ್ಟಿತಾ? (ದೊಡ್ಡದು ಮಾಡಿದರೂ ಬಿಲ್ಲೆಯೇ ಗೆಲ್ಲುತ್ತದೆ. ಅಗಲವೂ ಲೆಕ್ಕಕ್ಕಿಲ್ಲ, ತೂಕವೂ ಲೆಕ್ಕಕ್ಕಿಲ್ಲ.) ಹುಟ್ಟಿದ್ದರೆ ಫಿಸಿಕ್ಸ್ ನಿಮಗೆ ಶ್ರಮ ಕೊಡಬಹುದು, ಆದರೆ ಹಿಂಸೆ ಕೊಡುವುದಿಲ್ಲ. ಏನೂ ಅನ್ನಿಸದೆ "ಸೂತ್ರ ಯಾವುದು ಹೇಳಿ, ಹಾಕಿಬಿಡ್ತೀನಿ" ಅನ್ನಿಸಿದರೆ ಸ್ವಲ್ಪ ನಿಂತು ಯೋಚಿಸಿ.

ಮೂರು ನಾಲ್ಕು ದಿನ ಬಿಟ್ಟು ಅದೇ ಪ್ರಶ್ನೆಗಳನ್ನು ಪುಸ್ತಕ ನೋಡದೆ ಇನ್ನೊಮ್ಮೆ ಮಾಡಿ. ಓದಿದ ದಿನ ಅರ್ಥವಾದ ಹಾಗೆ ಕಂಡದ್ದು ಎಷ್ಟು ಉಳಿದಿದೆ ಅಂತ ಆಗ ತಿಳಿಯುತ್ತದೆ. ಇದನ್ನು ತಪ್ಪಿಸಬೇಡಿ.

ಒಂದೊಂದೇ ಅಲ್ಲ, ಎಲ್ಲ ಸೇರಿಸಿ ತೂಗಿ

ಒಂದೊಂದೇ ವಿಷಯ ನೋಡಿದರೆ ಎಲ್ಲವೂ ಆಗುತ್ತದೆ ಅನ್ನಿಸುತ್ತದೆ. ತೊಂದರೆ ಬರೋದು ಎಲ್ಲ ಸೇರಿದಾಗ. ಐಬಿ ತನ್ನ ಹೈಯರ್ ಲೆವೆಲ್ ವಿಷಯಕ್ಕೆ 240 ಗಂಟೆ, ಸ್ಟ್ಯಾಂಡರ್ಡ್ ಲೆವೆಲ್‌ಗೆ 150 ಗಂಟೆ ಪಾಠ ಬೇಕು ಅನ್ನುತ್ತದೆ. ಮೂರು ಮತ್ತು ಮೂರು ಸೇರಿಸಿದರೆ 1170 ಗಂಟೆ. ಇದು ತರಗತಿಯಲ್ಲಿ ಕೂರೋದು ಮಾತ್ರ. ಒಂದು ಎ ಲೆವೆಲ್‌ಗೆ 360 ಗಂಟೆ ಪಾಠ ಅಂತ ಲೆಕ್ಕ, ಮೂರಕ್ಕೆ 1080. ಮನೆಯಲ್ಲಿ ಓದೋದು ಇದರ ಮೇಲೆ.

ಈಗ ನಿಮ್ಮ ವಾರ ಬರೆಯಿರಿ. ವಾರಕ್ಕೆ 168 ಗಂಟೆ. ದಿನಕ್ಕೆ ಎಂಟು ಗಂಟೆ ನಿದ್ದೆ ಅಂದರೆ 56 ಹೋಯಿತು (ನಿದ್ದೆಯಲ್ಲಿ ಉಳಿತಾಯ ಮಾಡ್ತೀನಿ ಅನ್ನೋ ಲೆಕ್ಕ ಎರಡನೇ ತಿಂಗಳಿಗೇ ಕೆಡುತ್ತದೆ, ದಯವಿಟ್ಟು ಹಾಗೆ ಮಾಡಬೇಡಿ). ಶಾಲೆಗೆ 40. ಊಟ, ಸ್ನಾನ, ಓಡಾಟಕ್ಕೆ ದಿನಾ ನಾಲ್ಕು ಗಂಟೆ ಅಂತ 28. ಉಳಿದದ್ದು 44. ಆಟ, ಸಂಗೀತ, ಮನೆಯವರು, ಗೆಳೆಯರು, ಸುಮ್ಮನೆ ಕೂರೋದು, ಎಲ್ಲ ಇದರಲ್ಲೇ. ಐದು ಕಷ್ಟದ ವಿಷಯಕ್ಕೆ ತಲಾ ಐದು ಗಂಟೆ ಅಂದರೂ 25 ಅಲ್ಲೇ ಮುಗಿಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ಮಾತು ಇಲ್ಲಿಗೆ ಸರಿಯಾಗಿ ಹೊಂದುತ್ತದೆ.

ವಿಷಯಗಳು ಒಂದಕ್ಕೊಂದು ನೆರವಾದರೆ ಭಾರ ಇಳಿಯುತ್ತದೆ. ಗಣಿತದ ಜೊತೆ ಫಿಸಿಕ್ಸ್ ಓದುವವರಿಗೆ ಮೆಕ್ಯಾನಿಕ್ಸ್ ಎರಡು ಕಡೆಯಿಂದಲೂ ತಲೆಗೆ ಹತ್ತುತ್ತದೆ. ಕೆಮಿಸ್ಟ್ರಿ ಬಂದವರಿಗೆ ಬಯಾಲಜಿಯ ಜೀವರಸಾಯನದ ಭಾಗ ಹಗುರ. ಇತಿಹಾಸ ಮತ್ತು ರಾಜ್ಯಶಾಸ್ತ್ರ ಒಟ್ಟಿಗಿದ್ದರೆ ಓದಿದ್ದು ಎರಡು ಕಡೆ ಬಳಕೆಯಾಗುತ್ತದೆ. ಆದರೆ ಇತಿಹಾಸ, ಸಾಹಿತ್ಯ, ತತ್ವಶಾಸ್ತ್ರ ಮೂರನ್ನೂ ತಗೊಂಡರೆ ಒಂದೇ ವಾರ ಮೂರು ಪ್ರಬಂಧ ಬರೆಯಬೇಕಾಗಬಹುದು. ಬರವಣಿಗೆ ಇಷ್ಟ ಇದ್ದರೆ ಸರಿ, ಇಲ್ಲದಿದ್ದರೆ ಒಂದನ್ನು ಲೆಕ್ಕದ ವಿಷಯಕ್ಕೆ ಬದಲಿಸಿ. ಒಂದರಿಂದ ದಣಿದಾಗ ಇನ್ನೊಂದಕ್ಕೆ ಹೊರಳಬಹುದು.

ತಾರೀಖುಗಳನ್ನೂ ನೋಡಿ. ಐಬಿಯಲ್ಲಿ ಎರಡನೇ ವರ್ಷದ ಮೊದಲ ತಿಂಗಳುಗಳಲ್ಲಿ ಪ್ರಾಜೆಕ್ಟುಗಳು, ದೊಡ್ಡ ಪ್ರಬಂಧ, ವಿಶ್ವವಿದ್ಯಾಲಯದ ಅರ್ಜಿ ಎಲ್ಲ ಒಟ್ಟಿಗೆ ಮೈಮೇಲೆ ಬೀಳುತ್ತವೆ. ಯಾವ ವಿಷಯದ ಡೆಡ್‌ಲೈನ್ ಯಾವ ತಿಂಗಳು ಅಂತ ಶಾಲೆಯವರು ಕೊಡುವ ಪಟ್ಟಿಯನ್ನು ವಿಷಯ ಆರಿಸುವ ಮೊದಲೇ ಕೇಳಿ ಪಡೆಯಿರಿ.

ಯಾರನ್ನು ಕೇಳೋದು, ಏನು ಕೇಳೋದು

ಸೀನಿಯರ್‌ಗಳನ್ನು ಕೇಳಿ, ಆದರೆ "ಕಷ್ಟಾನಾ" ಅಂತ ಕೇಳಬೇಡಿ. ಕಳೆದ ವಾರ ಈ ವಿಷಯಕ್ಕೆ ಎಷ್ಟು ಗಂಟೆ ಕೂತಿರಿ? ಕೊನೆಯ ಟೆಸ್ಟಿನಲ್ಲಿ ಅಂಕ ಎಲ್ಲಿ ಹೋಯಿತು? ಟ್ಯೂಷನ್ ಇಲ್ಲದೆ ನಡೆಯುತ್ತಾ? ಯಾರಾದರೂ ಮಧ್ಯದಲ್ಲಿ ಬಿಟ್ಟರಾ, ಯಾಕೆ? ಹೀಗೆ ಕೇಳಿದರೆ ಕೆಲಸಕ್ಕೆ ಬರೋ ಉತ್ತರ ಸಿಗುತ್ತದೆ. ತುಂಬ ಚೆನ್ನಾಗಿ ಮಾಡುತ್ತಿರುವವರೊಬ್ಬರನ್ನು, ಪರವಾಗಿಲ್ಲ ಅನ್ನೋ ಮಟ್ಟದಲ್ಲಿರುವವರೊಬ್ಬರನ್ನು, ಸಾಧ್ಯವಾದರೆ ಬಿಟ್ಟವರೊಬ್ಬರನ್ನು ಕೇಳಿ. ಬಿಟ್ಟವರ ಮಾತಿನಲ್ಲಿ ತಿಳಿದುಕೊಳ್ಳೋದು ಹೆಚ್ಚು ಇರುತ್ತದೆ.

ಟೀಚರ್ ಹತ್ತಿರ ಹೋಗಿ "ನನ್ನ ಹಿಂದಿನ ವರ್ಷದ ಕೆಲಸ ನೋಡಿದ್ದೀರಿ, ಈ ಕೋರ್ಸಿನಲ್ಲಿ ನನಗೆ ಮೊದಲು ಎಲ್ಲಿ ತೊಡಕಾಗಬಹುದು ಮೇಡಂ?" ಅಂತ ಕೇಳಿ. ಒಳ್ಳೆಯ ಟೀಚರ್ ಆದರೆ ಜಾಗ ತೋರಿಸುತ್ತಾರೆ: ಬೀಜಗಣಿತ ನಿಧಾನ, ಉತ್ತರ ಸರಿ ಆದರೆ ಹಂತ ಬರೆಯುವುದಿಲ್ಲ, ಪ್ರಬಂಧದಲ್ಲಿ ಉದಾಹರಣೆ ಕಡಿಮೆ, ಹೀಗೆ. ಅಂಥ ಕೊರತೆಯನ್ನು ರಜೆಯಲ್ಲಿ ಎರಡು ಮೂರು ವಾರ ಕೂತು ತುಂಬಿಕೊಳ್ಳಬಹುದು. ಆ ವಿಷಯ ಮುಂದಿನ ವರ್ಷ ಯಾರು ಪಾಠ ಮಾಡುತ್ತಾರೆ ಅನ್ನೋದೂ ಲೆಕ್ಕಕ್ಕೆ ಬರುತ್ತದೆ. ಕೇಳಲು ಸಂಕೋಚ ಬೇಡ.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ನೀವು ಓದಿದಾಗಿನ ಸಿಲಬಸ್ ಈಗಿಲ್ಲ, ವಿಷಯದ ಹೆಸರು ಮಾತ್ರ ಅದೇ ಇರಬಹುದು. ಮಗು ಮಾಡಿದ ಆ ಭಾನುವಾರದ ಟಿಪ್ಪಣಿಯನ್ನು ಪಕ್ಕದಲ್ಲಿ ಕೂತು ಓದಿ, ಆಮೇಲೆ ಮಾತಾಡಿ. ಪ್ರತಿಷ್ಠೆಗೆ ತಗೊಂಡ ಒಂದು ವಿಷಯ ಉಳಿದ ಎರಡರ ಗ್ರೇಡನ್ನೂ ಕೆಳಗೆ ಎಳೆಯೋದು ಸಾಮಾನ್ಯ.

ತಗೊಂಡ ಮೇಲೆ

ಮೊದಲ ಆರು ವಾರ ಎಲ್ಲ ವಿಷಯವೂ ಕಷ್ಟವೇ. ಅದಕ್ಕೇ ಹೆದರಿ ಬಿಡಬೇಡಿ. ಪ್ರತಿ ವಾರ ಒಂದು ಸಾಲು ಬರೆದಿಡಿ, ಈ ವಾರ ಎಷ್ಟು ಗಂಟೆ ಹೋಯಿತು, ಹೋದ ವಾರ ಅರ್ಥವಾಗದ್ದು ಈಗ ಅರ್ಥವಾಗಿದೆಯಾ ಅಂತ. ಗಂಟೆ ಜಾಸ್ತಿ ಇದ್ದರೂ ಹಳೇ ಗೊಂದಲ ಕರಗುತ್ತಿದ್ದರೆ ಸರಿಯಾದ ಜಾಗದಲ್ಲೇ ಇದ್ದೀರಿ. ಗಂಟೆ ಏರುತ್ತಲೇ ಹೋಗಿ, ಗೊಂದಲ ಒಂದರ ಮೇಲೊಂದು ಪೇರಿಸಿಕೊಂಡು, ಬೇರೆ ವಿಷಯಗಳ ಹೋಮ್‌ವರ್ಕ್ ಬಾಕಿ ಬೀಳಲು ಶುರುವಾದರೆ ಟೀಚರ್ ಹತ್ತಿರ ಅದೇ ವಾರ ಮಾತಾಡಬೇಕು.

ಕೆಳಗಿಳಿಯಲು ದಾರಿ ಇರೋ ವಿಷಯವನ್ನು ಧೈರ್ಯವಾಗಿ ಪ್ರಯತ್ನಿಸಿ. ಐಬಿಯಲ್ಲಿ ಹೈಯರ್‌ನಿಂದ ಸ್ಟ್ಯಾಂಡರ್ಡ್‌ಗೆ ಇಳಿಯೋದು ಸಾಮಾನ್ಯವಾಗಿ ಸುಲಭ, ಮಧ್ಯದಲ್ಲಿ ಮೇಲೆ ಹತ್ತೋದು ಕಷ್ಟ. ಹಾಗಾಗಿ ಯಾವುದು ಬೇಕು ಅಂತ ಗೊಂದಲ ಇದ್ದರೆ ಶಾಲೆ ಒಪ್ಪಿದರೆ ಮೊದಲು ಹೈಯರ್‌ನಲ್ಲೇ ಕೂತು ನೋಡಿ. ಎ ಲೆವೆಲ್‌ನಲ್ಲಿ ನಾಲ್ಕರಿಂದ ಶುರು ಮಾಡಿ ಒಂದನ್ನು ಬಿಡೋದು ಬಹಳ ಜನ ಮಾಡುತ್ತಾರೆ. ಫರ್ದರ್ ಮ್ಯಾಥ್ಸ್ ಬಿಟ್ಟರೂ ಗಣಿತ ಉಳಿಯುತ್ತದೆ, ಆದರೆ ಉಳಿದವು ಮೂರು ಆಗುತ್ತವಾ ಅಂತ ಮೊದಲು ಎಣಿಸಿ. ಕ್ಯಾಲ್ಕುಲಸ್ ಬಿ.ಸಿ. ಬರೆದವರಿಗೆ ಎ.ಬಿ. ಭಾಗದ ಸ್ಕೋರ್ ಕೂಡ ಬೇರೆಯಾಗಿ ಕೊಡುತ್ತಾರೆ, ಅದೂ ಒಂದು ಧೈರ್ಯ.

ಬಿಡೋದೇ ಆದರೆ ತಾರೀಖು ನೋಡಿ ಬಿಡಿ. ಬ್ರಿಟನ್ನಿನ ಮೆಡಿಕಲ್, ಆಕ್ಸ್‌ಫರ್ಡ್, ಕೇಂಬ್ರಿಜ್ ಅರ್ಜಿಗೆ ಅಕ್ಟೋಬರ್ 15 ಕೊನೆಯ ದಿನ, ಉಳಿದ ಹೆಚ್ಚಿನ ಕೋರ್ಸುಗಳಿಗೆ ಜನವರಿ. ಅದಕ್ಕೂ ಮೊದಲೇ ಟೀಚರ್‌ಗಳು ನಿಮಗೆ ಬರಬಹುದಾದ ಗ್ರೇಡ್ ಅಂದಾಜು ಮಾಡಿ ಕಳಿಸುತ್ತಾರೆ, ಆ ಅಂದಾಜು ಬಹುಪಾಲು ಮೊದಲ ವರ್ಷದ ಕೊನೆಯ ಪರೀಕ್ಷೆ ನೋಡಿಯೇ ಆಗುತ್ತದೆ. ಆದ್ದರಿಂದ ಬದಲಾವಣೆ ಏನಿದ್ದರೂ ಮೊದಲ ವರ್ಷದ ಮೊದಲ ಅವಧಿಯೊಳಗೆ ಮುಗಿಸಿ, ಹೊಸ ವಿಷಯದಲ್ಲಿ ತಪ್ಪಿಹೋದ ಪಾಠಗಳ ಪಟ್ಟಿಯನ್ನು ಬದಲಾದ ದಿನವೇ ಟೀಚರ್ ಹತ್ತಿರ ಬರೆಸಿಕೊಳ್ಳಿ.